ಆರ್ಕಿಡ್ ಸಂಘದಲ್ಲಿ ವಿಜ್ಞಾನದ ಪಾಠ

ಮಲೆನಾಡಿನವರಿಗೆ ಸೀತಾಳೆ ದಂಡೆಯನ್ನು ಪರಿಚಯಿಸಬೇಕಾಗಿಲ್ಲ. ಮುಂಗಾರಿನ ಆರಂಭದ ದಿನಗಳಲ್ಲಿ ಮಾವು, ಹಲಸಿನಂಥ ಮರಗಳ ಕೊಂಬೆಗಳಿಂದ ನರಿಯ ಬಾಲದಂತೆ ಇಳಿಬಿದ್ದು, ನಸುನೇರಳೆ ಚುಕ್ಕೆಗಳ ಬಿಳಿ ಹೂಗಳಿಂದ ತುಂಬಿಕೊಳ್ಳುವ ಈ ದಂಡೆಯನ್ನು ಮುಡಿಗೇರಿಸದ ಹೆಣ್ಣುಮಕ್ಕಳು ಅಪರೂಪ. ಸಸ್ಯವಿಜ್ಞಾನಿಗಳು ಇದನ್ನು ರಿಂಕೊಸ್ಟೈಲಿಸ್ ರೆಟ್ಯೂಸ ಎಂದು ಕರೆಯುತ್ತಾರೆ. ಇದು ಅಸ್ಸಾಮಿನ ರಾಜ್ಯಪುಷ್ಪವೂ ಹೌದು. ಅಲ್ಲಿ ಇದರ ಹೆಸರು ಕೊಪೌ. ಬಿಹು ಕುಣಿತದ ಹೆಣ್ಣುಮಕ್ಕಳು ಇದನ್ನು ಮುಡಿಯುತ್ತಾರೆ.

ಇಂಥ ಗಿಡವನ್ನು ಮರದಿಂದ ಕಿತ್ತು ತಂದು ಮನೆಯಂಗಳದ ಕುಂಡದಲ್ಲಿ, ಒಳ್ಳೆಯ ಕೆಂಪು ಮಣ್ಣು ಮತ್ತು ಸಗಣಿ ಗೊಬ್ಬರ ಹಾಕಿ ನೆಟ್ಟವರು ಬಹಳ ಮಂದಿ. ದಿನವೂ ನೀರು ಹಾಕಿದರೂ ಗಿಡ ಒಂದೇ ಮಳೆಗಾಲದಲ್ಲಿ ಕೊಳೆತುಹೋಗುತ್ತದೆ. ಆರೈಕೆ ಹೆಚ್ಚಿದಷ್ಟೂ ಸಾವು ಬೇಗ! ಏಕೆ ಹೀಗೆ? ಬೇರಿನ ರಚನೆಯನ್ನು ಬಲ್ಲ ಸಸ್ಯವಿಜ್ಞಾನಿ ಇದಕ್ಕೆ ಕಾರಣ ಹೇಳಬಲ್ಲ, ಆದರೆ ಆತ ಗಿಡ ಸಾಕಿರಲಿಕ್ಕಿಲ್ಲ. ಹತ್ತು ವರ್ಷ ಗಿಡ ಸಾಕಿದ ಹವ್ಯಾಸಿ ಅದನ್ನು ಉಳಿಸಬಲ್ಲ, ಆದರೆ ಕಾರಣ ಹೇಳಲು ತಡವರಿಸಬಹುದು. ಈ ಇಬ್ಬರನ್ನೂ ತಿಂಗಳಿಗೊಮ್ಮೆ ಒಂದೇ ಕೋಣೆಯಲ್ಲಿ ಕೂರಿಸುವ ವ್ಯವಸ್ಥೆಯೊಂದು ಹಲವು ದೇಶಗಳಲ್ಲಿ ನೂರು ವರ್ಷಗಳಿಂದ ನಡೆದುಬಂದಿದೆ. ಅದೇ ಸ್ಥಳೀಯ ಆರ್ಕಿಡ್ ಸಂಘ.

ಸಂಘಗಳು ಹುಟ್ಟಿದ ಬಗೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಆರ್ಕಿಡ್ ಶ್ರೀಮಂತರ ಹುಚ್ಚಾಗಿತ್ತು. ಏಷ್ಯಾ ಮತ್ತು ದಕ್ಷಿಣ ಅಮೆರಿಕದ ಕಾಡುಗಳಿಂದ ಹಡಗುಗಟ್ಟಲೆ ಗಿಡಗಳು ಬರುತ್ತಿದ್ದವು. ದಾರಿಯಲ್ಲೇ ಹೆಚ್ಚಿನವು ಸಾಯುತ್ತಿದ್ದವು, ಉಳಿದವು ಗಾಜಿನ ಮನೆಗಳ ಅತಿ ಶಾಖದಲ್ಲಿ ಬೇಯುತ್ತಿದ್ದವು. ಗಿಡಗಳ ಬೆಲೆ ಏರಿದಂತೆ ಅವನ್ನು ಉಳಿಸಿಕೊಳ್ಳುವ ತಿಳಿವಳಿಕೆಯ ಬೆಲೆಯೂ ಏರಿತು. ಬೆಳೆಗಾರರು ಒಂದೆಡೆ ಸೇರಿ ಗಿಡ ತೋರಿಸಿ, ಅನುಭವ ಹಂಚಿಕೊಳ್ಳತೊಡಗಿದರು. ಮ್ಯಾಂಚೆಸ್ಟರ್ ಸುತ್ತಿನ ಬೆಳೆಗಾರರು 1897ರಲ್ಲಿ ಕಟ್ಟಿದ ಉತ್ತರ ಇಂಗ್ಲೆಂಡಿನ ಆರ್ಕಿಡ್ ಸಂಘ ಇಂಥವುಗಳಲ್ಲಿ ಅತ್ಯಂತ ಹಳೆಯವುಗಳಲ್ಲೊಂದು. ಅಮೆರಿಕನ್ ಆರ್ಕಿಡ್ ಸೊಸೈಟಿ 1921ರಲ್ಲಿ ಹುಟ್ಟಿತು. ಅದಕ್ಕೆ ಜೋಡಿಕೊಂಡ ಊರೂರಿನ ಸಂಘಗಳು ಈಗ ನೂರಾರು ಇವೆ.

ಬೇರೆ ವೃತ್ತಿಯ ವ್ಯಕ್ತಿಯೊಬ್ಬ ಬಂದು ಹೇಳಿಕೊಟ್ಟ ಒಂದು ಮಾತು ತೋಟಗಾರಿಕೆಯ ದಿಕ್ಕನ್ನೇ ಬದಲಿಸಬಲ್ಲದು ಎಂಬುದಕ್ಕೆ ಸಂಘಗಳಿಗಿಂತಲೂ ಹಳೆಯ ಉದಾಹರಣೆಯಿದೆ. ಎಕ್ಸೆಟರ್ ನಗರದ ಶಸ್ತ್ರವೈದ್ಯ ಜಾನ್ ಹ್ಯಾರಿಸ್, ಅಲ್ಲಿನ ವೀಚ್ ನರ್ಸರಿಯ ತೋಟಗಾರ ಜಾನ್ ಡೊಮಿನಿಗೆ ಆರ್ಕಿಡ್ ಹೂವಿನ ರಚನೆಯನ್ನು ವಿವರಿಸಿ, ಕೈಯಿಂದ ಪರಾಗಸ್ಪರ್ಶ ಮಾಡಿ ತಳಿಗಳನ್ನು ಬೆರೆಸಬಹುದೆಂದು ಸೂಚಿಸಿದ. ಡೊಮಿನಿ ಎರಡು ಕ್ಯಾಲಂಥೆ ಪ್ರಭೇದಗಳನ್ನು ಬೆರೆಸಿ ಪಡೆದ ಗಿಡ 1856ರಲ್ಲಿ ಹೂಬಿಟ್ಟಿತು. ಮನುಷ್ಯ ಹೂ ಬಿಡಿಸಿದ ಮೊದಲ ಮಿಶ್ರತಳಿ ಆರ್ಕಿಡ್ ಅದು. ಇಂದು ನೋಂದಾಯಿತ ಮಿಶ್ರತಳಿಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿದೆ.

ತಿಂಗಳ ಸಭೆ ಹೇಗೆ ನಡೆಯುತ್ತದೆ?

ಅಮೆರಿಕದ ಯಾವುದೇ ಮಧ್ಯಮ ಗಾತ್ರದ ಊರಿನ ಸಂಘವನ್ನು ತೆಗೆದುಕೊಂಡರೂ ಕಾರ್ಯಕ್ರಮ ಹೆಚ್ಚುಕಡಿಮೆ ಒಂದೇ ಬಗೆಯದು. ಗ್ರಂಥಾಲಯದ ಅಥವಾ ಚರ್ಚಿನ ಸಭಾಂಗಣದಲ್ಲಿ ಸಂಜೆ ಸದಸ್ಯರು ಸೇರುತ್ತಾರೆ. ಒಂದು ಉದ್ದನೆಯ ಮೇಜಿನ ಮೇಲೆ ಆ ತಿಂಗಳು ತಮ್ಮ ಮನೆಯಲ್ಲಿ ಹೂಬಿಟ್ಟ ಗಿಡಗಳನ್ನು ಹೆಸರಿನ ಚೀಟಿಯೊಡನೆ ಇಡುತ್ತಾರೆ. ಅನುಭವಿಯೊಬ್ಬರು ಒಂದೊಂದನ್ನೇ ಎತ್ತಿ ತೋರಿಸಿ ಅದರ ಮೂಲ, ಬೆಳಕು, ನೀರಿನ ಅಗತ್ಯಗಳನ್ನು ಹೇಳುತ್ತಾರೆ. ಅನಂತರ ಅತಿಥಿ ಉಪನ್ಯಾಸ, ಪ್ರಶ್ನೋತ್ತರ, ಕೊನೆಗೆ ಗಿಡಗಳ ಲಾಟರಿ. ಲಾಟರಿಯಿಂದ ಬಂದ ಹಣ ಮುಂದಿನ ಉಪನ್ಯಾಸಕರ ಪ್ರಯಾಣದ ಖರ್ಚಿಗೆ ನೆರವಾಗುತ್ತದೆ. ಅಕ್ಕಪಕ್ಕದ ಊರುಗಳ ಸಂಘಗಳು ಮಾತಾಡಿಕೊಂಡು, ಒಬ್ಬರೇ ಉಪನ್ಯಾಸಕರನ್ನು ಒಂದೇ ವಾರದಲ್ಲಿ ನಾಲ್ಕೈದು ಕಡೆ ಕರೆಸಿಕೊಳ್ಳುವುದೂ ಉಂಟು. 2020ರ ಕೋವಿಡ್ ದಿನಗಳಿಂದ ವೀಡಿಯೊ ಉಪನ್ಯಾಸಗಳೂ ರೂಢಿಗೆ ಬಂದಿವೆ.

ಅತಿಥಿಗಳು ಮೂರು ಬಗೆಯವರು: ವಿಶ್ವವಿದ್ಯಾನಿಲಯದ ಅಥವಾ ಸಸ್ಯೋದ್ಯಾನದ ವಿಜ್ಞಾನಿ, ವ್ಯಾಪಾರಕ್ಕಾಗಿ ಬೆಳೆಸುವ ನರ್ಸರಿಯವರು, ಮತ್ತು ಯಾವುದಾದರೂ ಒಂದು ಕುಲದ ಗಿಡಗಳನ್ನೇ ದಶಕಗಳ ಕಾಲ ಹಿಂಬಾಲಿಸಿದ ಹವ್ಯಾಸಿ. ಮೂವರೂ ಎದುರಿಸುವ ಪ್ರಶ್ನೆಗಳು ಸಾಮಾನ್ಯವಾಗಿ ಅವೇ. ಆ ಪ್ರಶ್ನೆಗಳ ಹಿಂದಿರುವ ವಿಜ್ಞಾನವನ್ನು ಒಂದೊಂದಾಗಿ ನೋಡೋಣ.

ಬೇರು ಹೇಳುವ ಸಂಗತಿ

ಮೊದಲ ಪ್ರಶ್ನೆ: ಮರದ ಮೇಲೆ ಬೆಳೆಯುವ ಆರ್ಕಿಡ್ ಮರದ ರಸವನ್ನು ಹೀರುತ್ತದೆಯೆ? ನಮ್ಮ ಭಾಷೆಗಳಲ್ಲೇ ಈ ಗೊಂದಲವಿದೆ. ಕನ್ನಡದಲ್ಲಿ ಬಂದಣಿಕೆ ಎಂದರೆ ಮರದ ರಸ ಹೀರುವ ಪರಾವಲಂಬಿ ಸಸ್ಯ. ಸಂಸ್ಕೃತದ ವಂದಾ ಎಂಬ ಹೆಸರೂ ಇಂಥ ಗಿಡಗಳದ್ದೇ. ಅದೇ ವಂದಾ ಶಬ್ದವು ಆರ್ಕಿಡ್‌ಗಳ ಒಂದು ಪ್ರಸಿದ್ಧ ಕುಲದ ವೈಜ್ಞಾನಿಕ ಹೆಸರಾಗಿದೆ! ಆದರೆ ವಂದಾ ಆಗಲಿ, ಸೀತಾಳೆ ದಂಡೆಯಾಗಲಿ ಪರಾವಲಂಬಿಯಲ್ಲ. ಇವು ಎಪಿಫೈಟ್‌ಗಳು, ಅಂದರೆ ಅಪ್ಪುಗಿಡಗಳು. ಮರ ಇವಕ್ಕೆ ಕೂರುವ ಜಾಗ ಮಾತ್ರ. ನೀರು ಮಳೆ ಮತ್ತು ಮಂಜಿನಿಂದ, ಲವಣಾಂಶ ತೊಗಟೆಯ ಮೇಲೆ ಹರಿಯುವ ನೀರು ಹಾಗೂ ಕೊಳೆತ ತರಗೆಲೆಯಿಂದ ಬರುತ್ತದೆ.

ಮರದ ಕೊಂಬೆಯ ಮೇಲೆ ನೀರು ನಿಲ್ಲುವುದಿಲ್ಲ. ಮಳೆ ಬಿದ್ದ ಕೆಲವೇ ನಿಮಿಷಗಳಲ್ಲಿ ಸಿಕ್ಕಷ್ಟನ್ನು ಹಿಡಿದಿಟ್ಟುಕೊಳ್ಳಬೇಕು. ಇದಕ್ಕಾಗಿ ಬೇರಿನ ಹೊರಮೈಯಲ್ಲಿ ವೆಲಮೆನ್ ಎಂಬ ಹೊದಿಕೆಯಿದೆ. ಬೆಳೆದ ವೆಲಮೆನ್‌ನ ಜೀವಕೋಶಗಳು ಸತ್ತು ಟೊಳ್ಳಾಗಿರುತ್ತವೆ. ಒಣಗಿದಾಗ ಅವುಗಳಲ್ಲಿ ಗಾಳಿ ತುಂಬಿ ಬೇರು ಬೆಳ್ಳಿಯಂತೆ ಬಿಳುಪಾಗಿ ಕಾಣುತ್ತದೆ. ನೀರು ಬಿದ್ದೊಡನೆ ಸ್ಪಂಜಿನಂತೆ ಹೀರಿ ಪಾರದರ್ಶಕವಾಗುತ್ತದೆ. ಆಗ ಒಳಗಿನ ಪತ್ರಹರಿತ್ತು ಕಾಣಿಸಿ ಬೇರು ಹಸಿರಾಗುತ್ತದೆ. ಬೇರು ಹಸಿರಾಗಿದ್ದರೆ ನೀರು ಬೇಡ, ಬಿಳುಪಾಗಿದ್ದರೆ ಬೇಕು ಎಂದು ಸಂಘದ ಹಿರಿಯರು ಹೊಸಬರಿಗೆ ಹೇಳಿಕೊಡುವ ಸೂತ್ರದ ಹಿಂದಿರುವುದು ಇದೇ.

ಈಗ ಕುಂಡದಲ್ಲಿ ಸತ್ತ ಗಿಡದ ಕಾರಣ ತಿಳಿಯಿತಲ್ಲವೆ? ವೆಲಮೆನ್ ಬೇಗ ಒದ್ದೆಯಾಗಿ ಬೇಗ ಆರುವಂತೆ ರೂಪುಗೊಂಡಿದೆ. ಹಸಿ ಮಣ್ಣಿನಲ್ಲಿ ಅದು ಆರುವುದೇ ಇಲ್ಲ. ಒಳಗಿನ ಜೀವಂತ ಭಾಗಕ್ಕೆ ಆಕ್ಸಿಜನ್ ಸಿಗದೆ ಕೊಳೆಯಲು ತೊಡಗುತ್ತದೆ. ಬೇರು ಹೋದ ಮೇಲೆ ಎಲೆ ಬಾಡುತ್ತದೆ. ಎಲೆ ಬಾಡಿತೆಂದು ಮಾಲೀಕ ಮತ್ತಷ್ಟು ನೀರು ಹಾಕುತ್ತಾನೆ! ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ತುಂಡು, ಮರದ ತೊಗಟೆ, ಇವುಗಳಲ್ಲಿ ಯಾವುದಾದರೂ ಸರಿ, ನಡುವೆ ಗಾಳಿಯಾಡುವಂತಿರಬೇಕು. ಇವೆಲ್ಲವುಗಳಿಗಿಂತ ಅಂಗಳದ ಮರದ ಕೊಂಬೆಯೇ ಮೇಲು. ನೆಲದ ಮೇಲೆ ಬೆಳೆಯುವ ಆರ್ಕಿಡ್‌ಗಳ ವಿಷಯ ಬೇರೆ. ಅವಕ್ಕೆ ಮಣ್ಣು ಬೇಕು.

ರಾತ್ರಿ ತೆರೆಯುವ ಪತ್ರರಂಧ್ರಗಳು

ಎರಡನೆಯ ಪ್ರಶ್ನೆ: ವಾರಗಟ್ಟಲೆ ಮಳೆಯಿಲ್ಲದಿದ್ದರೂ ಕೊಂಬೆಯ ಮೇಲಿನ ಗಿಡ ಹೇಗೆ ಬದುಕುತ್ತದೆ? ಸಾಮಾನ್ಯ ಸಸ್ಯಗಳು ಹಗಲು ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಕ್ಕೆ ಬಿಟ್ಟುಕೊಳ್ಳುತ್ತವೆ. ತೆರೆದ ಬಾಗಿಲಿನಿಂದ ನೀರಿನ ಆವಿಯೂ ಹೊರಟುಹೋಗುತ್ತದೆ. ವಂದಾ, ಫೆಲನಾಪ್ಸಿಸ್, ಕ್ಯಾಟ್ಲಿಯದಂಥ ದಪ್ಪ ಎಲೆಯ ಆರ್ಕಿಡ್‌ಗಳು ಈ ಬಾಗಿಲನ್ನು ತೆರೆಯುವುದು ಹೆಚ್ಚಾಗಿ ರಾತ್ರಿ. ತಂಪು ಹೊತ್ತಿನಲ್ಲಿ ಒಳಬಂದ ಇಂಗಾಲದ ಡೈಆಕ್ಸೈಡ್ ಮ್ಯಾಲಿಕ್ ಆಮ್ಲದ ರೂಪದಲ್ಲಿ ಶೇಖರವಾಗುತ್ತದೆ. ಹಗಲು ಬಾಗಿಲು ಮುಚ್ಚಿಕೊಂಡು, ಆ ಆಮ್ಲದಿಂದ ಬಿಡುಗಡೆಯಾದ ಅನಿಲವನ್ನು ಬಳಸಿ ದ್ಯುತಿಸಂಶ್ಲೇಷಣೆ ನಡೆಸುತ್ತವೆ.

ಈ ಸಂಗತಿಯ ಸುಳಿವು ಮೊದಲು ದೊರೆತವರಲ್ಲಿ ಬೆಂಗಳೂರಿನ ನಂಟಿನವನೊಬ್ಬನಿದ್ದಾನೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಕೆಲಕಾಲ ಲಾಲ್‌ಬಾಗ್‌ನ ಉಸ್ತುವಾರಿ ನೋಡಿಕೊಂಡ ಬೆಂಜಮಿನ್ ಹೈನೆ ಎಂಬ ಸಸ್ಯವಿಜ್ಞಾನಿ, ಕಾಡುಬಸಳೆಯ ಎಲೆಯನ್ನು ಬೇರೆಬೇರೆ ಹೊತ್ತಿನಲ್ಲಿ ಅಗಿದು ನೋಡಿದ. ಬೆಳಗಿನ ಜಾವ ಹುಳಿ, ಮಧ್ಯಾಹ್ನ ಸಪ್ಪೆ! ಈ ವಿಷಯವನ್ನು ಆತ 1813ರ ಪತ್ರವೊಂದರಲ್ಲಿ ಬರೆದು ಲಂಡನ್ನಿಗೆ ತಿಳಿಸಿದ. ಕಾಡುಬಸಳೆ ಆರ್ಕಿಡ್ ಅಲ್ಲ. ಆದರೆ ಅದರ ಎಲೆಯಲ್ಲಿ ನಡೆಯುವ ಕ್ರಿಯೆ ಇದೇ.

ಇದರಿಂದ ಬೆಳೆಗಾರನಿಗೆ ಸಿಗುವ ಪಾಠವೇನು? ಇಂಥ ಗಿಡಗಳಿಗೆ ರಾತ್ರಿಯ ತಂಪು ಮತ್ತು ಗಾಳಿಯಾಟ ಮುಖ್ಯ. ನೀರನ್ನು ಬೆಳಿಗ್ಗೆಯೇ ಹಾಕಿ, ಸಂಜೆಯೊಳಗೆ ಎಲೆಗಳ ಸಂದು ಆರುವಂತೆ ನೋಡಿಕೊಳ್ಳಬೇಕು. ಸಂದಿನಲ್ಲಿ ರಾತ್ರಿಯಿಡೀ ನೀರು ನಿಂತರೆ ಗಿಡದ ನೆತ್ತಿ ಕೊಳೆಯುವ ಅಪಾಯ ಹೆಚ್ಚು.

ಧೂಳಿನಂಥ ಬೀಜ, ಕಾಣದ ಜೊತೆಗಾರ

ಮೂರನೆಯ ಪ್ರಶ್ನೆ: ಒಂದೇ ಕಾಯಿಯಲ್ಲಿ ಹತ್ತಾರು ಸಾವಿರದಿಂದ ಹತ್ತಾರು ಲಕ್ಷದವರೆಗೆ ಬೀಜಗಳಿದ್ದರೂ ಬಿತ್ತಿದರೆ ಒಂದೂ ಏಕೆ ಮೊಳೆಯುವುದಿಲ್ಲ? ಆರ್ಕಿಡ್ ಬೀಜ ಧೂಳಿನ ಕಣದಂತೆ. ಅದರಲ್ಲಿ ಬತ್ತ, ಕಡಲೆಗಳಲ್ಲಿರುವಂತೆ ಆಹಾರದ ಗಂಟಿಲ್ಲ. ಗಾಳಿಯಲ್ಲಿ ಬಹುದೂರ ತೇಲಿಹೋಗಲು ಅದು ಬುತ್ತಿಯನ್ನು ಬಿಟ್ಟೇ ಹೊರಟಿದೆ ಎನ್ನಬಹುದು. ಹಾಗಾದರೆ ಮೊಳೆಯುವಾಗ ಉಣ್ಣುವುದು ಏನನ್ನು?

1899ರಲ್ಲಿ ಫ್ರಾನ್ಸಿನ ಯುವ ವಿಜ್ಞಾನಿ ನೋಯೆಲ್ ಬರ್ನಾರ್ ಸೈನಿಕ ಸೇವೆಯಲ್ಲಿದ್ದಾಗ, ಫಾಂಟೆನ್‌ಬ್ಲೋ ಕಾಡಿನಲ್ಲಿ ಹಕ್ಕಿಗೂಡಿನ ಆರ್ಕಿಡ್‌ನ ಮೊಳೆಯುತ್ತಿದ್ದ ಬೀಜಗಳನ್ನು ಕಂಡ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪ್ರತಿ ಮೊಳಕೆಯೊಳಗೂ ಶಿಲೀಂಧ್ರದ ಎಳೆಗಳಿದ್ದವು. ಶಿಲೀಂಧ್ರ ಹೊಕ್ಕ ಬೀಜ ಮಾತ್ರ ಬೆಳೆಯುತ್ತದೆಂದು ಆತ ಮುಂದೆ ಪ್ರಯೋಗಗಳಿಂದ ತೋರಿಸಿದ. ಅಂದರೆ ಕಾಡಿನಲ್ಲಿ ಆರ್ಕಿಡ್‌ನ ಮೊದಲ ತುತ್ತು ಶಿಲೀಂಧ್ರದಿಂದ ಬರುತ್ತದೆ. ತೊಗಟೆಯಲ್ಲೋ ಮಣ್ಣಿನಲ್ಲೋ ಸರಿಯಾದ ಶಿಲೀಂಧ್ರ ಇಲ್ಲದೆಡೆ ಬಿದ್ದ ಲಕ್ಷಾಂತರ ಬೀಜಗಳು ವ್ಯರ್ಥ.

ಈ ಶಿಲೀಂಧ್ರ ಕೊಡುವುದು ಮುಖ್ಯವಾಗಿ ಸಕ್ಕರೆಯಾದರೆ, ಸಕ್ಕರೆಯನ್ನು ನಾವೇ ಕೊಡಬಾರದೇಕೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಲೂಯಿಸ್ ನಡ್ಸನ್ ಕೇಳಿದ ಪ್ರಶ್ನೆ ಇದು. ಸಕ್ಕರೆ ಮತ್ತು ಖನಿಜ ಲವಣಗಳನ್ನು ಬೆರೆಸಿದ ಅಗರ್‌ನ ಮೇಲೆ, ಸೂಕ್ಷ್ಮಜೀವಿಗಳಿಲ್ಲದ ಸೀಸೆಯೊಳಗೆ ಆತ ಬೀಜ ಬಿತ್ತಿದ. ಶಿಲೀಂಧ್ರವಿಲ್ಲದೆಯೇ ಮೊಳಕೆ ಬಂತು. 1922ರಲ್ಲಿ ಪ್ರಕಟವಾದ ಈ ವಿಧಾನ ಆರ್ಕಿಡ್ ಕೃಷಿಯನ್ನೇ ಬದಲಿಸಿತು. ಸ್ವಚ್ಛತೆ ಪಾಲಿಸಬಲ್ಲ ಯಾರಾದರೂ ಮನೆಯಲ್ಲೇ ಬೀಜದಿಂದ ಗಿಡ ಮಾಡಬಹುದು ಎಂದಾಯಿತು. ಅಲ್ಲಿಂದ ಹೂ ನೋಡಲು ಮೂರರಿಂದ ಏಳು ವರ್ಷ ಕಾಯಬೇಕು, ಅಷ್ಟೆ!

ಸಿಂಗಪುರದ ನಿದರ್ಶನ

ಪ್ರಯೋಗಾಲಯದ ತಿಳಿವಳಿಕೆ ಸಂಘದ ಮೂಲಕ ಜನರ ಕೈಗೆ ಹೋದ ಒಳ್ಳೆಯ ನಿದರ್ಶನ ಸಿಂಗಪುರದ್ದು. ಅಲ್ಲಿನ ಸಸ್ಯೋದ್ಯಾನದ ನಿರ್ದೇಶಕ ಎರಿಕ್ ಹೋಲ್ಟಮ್ ಜರೀಗಿಡಗಳ ತಜ್ಞ. ನಡ್ಸನ್ ವಿಧಾನವನ್ನು ಉಷ್ಣವಲಯಕ್ಕೆ ತಂದು ಪ್ರಯೋಗ ಆರಂಭಿಸಿದ ಆತ, ಹವ್ಯಾಸಿ ಬೆಳೆಗಾರರಾದ ಜಾನ್ ಲೇಕಾಕ್ ಮತ್ತು ಎಮಿಲ್ ಗಾಲಿಸ್ಟನ್ ಜೊತೆ ಸೇರಿ 1928ರಲ್ಲಿ ಮಲಯನ್ ಆರ್ಕಿಡ್ ಸಂಘವನ್ನು ಕಟ್ಟಿದ. ಉದ್ಯಾನದಲ್ಲಿ ತಯಾರಾದ ಮೊದಲ ಮಿಶ್ರತಳಿ, ಸ್ಪಾಥೊಗ್ಲಾಟಿಸ್ ಪ್ರಿಮ್‌ರೋಸ್, 1931ರಲ್ಲಿ ಹೂಬಿಟ್ಟಿತು. ಅದೇ ವರ್ಷ ಸಂಘದ ಪತ್ರಿಕೆಯೂ ಹೊರಬಂತು.

ಹೋಲ್ಟಮ್ ವಿಧಾನವನ್ನು ಉದ್ಯಾನದ ಬೇಲಿಯೊಳಗೇ ಇಟ್ಟುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಉದ್ಯಾನ ಮತ್ತು ಹವ್ಯಾಸಿಗಳು ಒಟ್ಟಾಗಿ ತಳಿ ಬೆರೆಸಿದರು. ಮುಂದೆ ಸಿಂಗಪುರದಲ್ಲಿ ಆರ್ಕಿಡ್ ಹೂಗಳ ಉದ್ಯಮವೇ ಬೆಳೆಯಿತು. 1893ರಲ್ಲಿ ಆಗ್ನೆಸ್ ಜೋಕಿಂ ಎಂಬ ಮಹಿಳೆಯ ತೋಟದಿಂದ ಬೆಳಕಿಗೆ ಬಂದ ಮಿಶ್ರತಳಿ 1981ರಲ್ಲಿ ಆ ದೇಶದ ರಾಷ್ಟ್ರೀಯ ಪುಷ್ಪವಾಯಿತು. ಆ ಸಂಘ ಈಗ ಆಗ್ನೇಯ ಏಷ್ಯಾ ಆರ್ಕಿಡ್ ಸಂಘ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಹೂವೊಂದು ಯಂತ್ರ

ಪ್ರಾತ್ಯಕ್ಷಿಕೆಗಳಲ್ಲಿ ಎಲ್ಲರಿಗೂ ಇಷ್ಟವಾಗುವುದು ಪರಾಗಸ್ಪರ್ಶ. ಇದಕ್ಕೆ ಬೇಕಾದುದು ಒಂದು ಹೂ ಮತ್ತು ಒಂದು ಹಲ್ಲುಕಡ್ಡಿ. ದಾಸವಾಳದಲ್ಲಿ ಕೇಸರ ಮತ್ತು ಶಲಾಕೆಯ ತುದಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆರ್ಕಿಡ್‌ನಲ್ಲಿ ಇವೆರಡೂ ಬೆಸೆದು ಒಂದೇ ಕಂಬವಾಗಿವೆ. ಪರಾಗ ಪುಡಿಯಾಗಿರದೆ ಪುಟ್ಟ ಮುದ್ದೆಯಾಗಿರುತ್ತದೆ, ಇದೇ ಪರಾಗಪಿಂಡ. ಆರು ದಳಗಳಲ್ಲಿ ಒಂದು ದಳ ಅಗಲವಾಗಿ ಕೀಟ ಬಂದು ಇಳಿಯುವ ಜಗಲಿಯಾಗುತ್ತದೆ. ಬಹುಪಾಲು ಆರ್ಕಿಡ್‌ಗಳಲ್ಲಿ ಮೊಗ್ಗು ಅರಳುವ ಮುನ್ನ ಇಡೀ ಹೂವೇ ಅರ್ಧಸುತ್ತು ತಿರುಗಿ ಈ ಜಗಲಿಯನ್ನು ಕೆಳಕ್ಕೆ ತರುತ್ತದೆ. ಉಪನ್ಯಾಸಕರು ಹಲ್ಲುಕಡ್ಡಿಯನ್ನು ಕೀಟದಂತೆ ಒಳತೂರಿಸಿ ಹಿಂದೆಗೆದಾಗ ತುದಿಗೆ ಪರಾಗಪಿಂಡ ಅಂಟಿಕೊಂಡು ಬರುತ್ತದೆ.

ಚಾರ್ಲ್ಸ್ ಡಾರ್ವಿನ್ 1862ರಲ್ಲಿ ಆರ್ಕಿಡ್‌ಗಳ ಪರಾಗಸ್ಪರ್ಶದ ಬಗ್ಗೆಯೇ ಒಂದು ಪುಸ್ತಕ ಬರೆದ. ಮಡಗಾಸ್ಕರ್‌ನ ಆರ್ಕಿಡ್ ಒಂದರ ಮಕರಂದದ ನಳಿಕೆ ಸುಮಾರು 30 ಸೆಂಟಿಮೀಟರ್ ಉದ್ದವಿರುವುದನ್ನು ಕಂಡು, ಅಷ್ಟೇ ಉದ್ದದ ನಾಲಿಗೆಯ ಪತಂಗ ಅಲ್ಲಿ ಇರಲೇಬೇಕೆಂದು ತರ್ಕಿಸಿದ. ಅಂಥ ಪತಂಗದ ವೈಜ್ಞಾನಿಕ ವರ್ಣನೆ ಪ್ರಕಟವಾದುದು 1903ರಲ್ಲಿ, ಡಾರ್ವಿನ್ ತೀರಿಕೊಂಡು 21 ವರ್ಷಗಳ ಬಳಿಕ.

ಹಲ್ಲುಕಡ್ಡಿಯ ಈ ಕೆಲಸ ಕರ್ನಾಟಕದ ಕೃಷಿಕರಿಗೆ ಹೊಸದಲ್ಲ. ವೆನಿಲ್ಲ ಕೂಡ ಆರ್ಕಿಡ್ ಬಳ್ಳಿಯೇ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಬಾಲಕ ಎಡ್ಮಂಡ್ ಆಲ್ಬಿಯಸ್ ಕಂಡುಕೊಂಡ ಕೈ ಪರಾಗಸ್ಪರ್ಶದ ವಿಧಾನವನ್ನೇ, 2000ದ ದಶಕದ ಆರಂಭದ ವೆನಿಲ್ಲ ಉಬ್ಬರದಲ್ಲಿ ಮಲೆನಾಡು, ಕೊಡಗು, ಕರಾವಳಿಗಳ ತೋಟಗಳಲ್ಲಿ ಬೆಳಗಾಗೆದ್ದು ಹೂವಿಂದ ಹೂವಿಗೆ ಮಾಡಲಾಯಿತು. ಕೆಲವೇ ವರ್ಷಗಳಲ್ಲಿ ಬೆಲೆ ಕುಸಿಯಿತು. ಆದರೆ ಆರ್ಕಿಡ್ ಹೂವಿನ ರಚನೆಯನ್ನು ಕೈಯಾರೆ ತಿಳಿದ ಸಾವಿರಾರು ಮಂದಿ ನಮ್ಮಲ್ಲಿದ್ದಾರೆ ಎಂಬುದಂತೂ ನಿಜ.

ಕತ್ತರಿಯ ಅಲಗಿನ ಮೇಲೆ ರೋಗ

ಸಂಘದ ಸಭೆಯಲ್ಲಿ ಗಿಡ ಹಂಚುವುದುಂಟು, ವಿನಿಮಯವುಂಟು. ಅದರೊಡನೆ ರೋಗವೂ ಕೈ ಬದಲಾಗಬಹುದು. ಸಿಂಬಿಡಿಯಮ್ ಮೊಸಾಯಿಕ್ ವೈರಸ್ ಮತ್ತು ಒಡಾಂಟೊಗ್ಲಾಸಮ್ ರಿಂಗ್‌ಸ್ಪಾಟ್ ವೈರಸ್ ಎಂಬ ಎರಡು ವೈರಸ್‌ಗಳು ಜಗತ್ತಿನಾದ್ಯಂತ ಸಾಕಿದ ಆರ್ಕಿಡ್‌ಗಳಲ್ಲಿ ಹರಡಿವೆ. ರೋಗಿ ಗಿಡದ ರಸ ಮೆತ್ತಿದ ಕತ್ತರಿಯಿಂದ ಮುಂದಿನ ಗಿಡದ ಹೂದಂಡನ್ನು ಕತ್ತರಿಸಿದರೆ ಸಾಕು, ಸೋಂಕು ದಾಟುತ್ತದೆ. ಸೋಂಕು ತಗಲಿದ ಗಿಡ ತಿಂಗಳುಗಟ್ಟಲೆ ಆರೋಗ್ಯವಾಗಿಯೇ ಕಾಣಬಹುದು. ಬೆಳೆದ ಗಿಡದಿಂದ ವೈರಸ್ಸನ್ನು ತೆಗೆಯುವ ಔಷಧಿ ಇಲ್ಲ. ಪ್ರತಿ ಗಿಡಕ್ಕೂ ಹೊಸ ಬ್ಲೇಡ್ ಬಳಸುವುದು, ಇಲ್ಲವೇ ಅಲಗನ್ನು ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಿ ಆರಿಸಿ ಬಳಸುವುದು, ಇದೇ ಉಪಾಯ. ಒಳ್ಳೆಯ ಉಪನ್ಯಾಸಕರು ಇದನ್ನು ಬಾಯಿಮಾತಿನಲ್ಲಿ ಹೇಳಿ ಬಿಡುವುದಿಲ್ಲ. ಸಭೆಯ ಎದುರೇ ಮಾಡಿ ತೋರಿಸುತ್ತಾರೆ.

ಅನುಭವವೋ, ಪ್ರಯೋಗವೋ?

ಅತಿಥಿಗಳು ಹೇಳಿದ್ದೆಲ್ಲ ಸರಿಯೆ? ‘ನಾನು ಹೀಗೆ ಮಾಡಿದೆ, ಗಿಡ ಚೆನ್ನಾಗಿ ಬಂತು’ ಎಂಬ ಮಾತು ಸಂಘಗಳಲ್ಲಿ ಬಹಳ ಕೇಳಿಬರುತ್ತದೆ. ಹಾಗೆ ಮಾಡದಿದ್ದರೂ ಚೆನ್ನಾಗಿ ಬರುತ್ತಿತ್ತೇ ಎಂದು ಕೇಳುವವರು ಕಡಿಮೆ. ಗೊಬ್ಬರವನ್ನೋ ಗಿಡವನ್ನೋ ಮಾರಲು ತಂದವರ ಮಾತನ್ನಂತೂ ಇನ್ನಷ್ಟು ಎಚ್ಚರದಿಂದ ಕೇಳಬೇಕಾಗುತ್ತದೆ.

ಒಂದು ಉದಾಹರಣೆ ನೋಡಿ. ಫೆಲನಾಪ್ಸಿಸ್ ಕುಂಡಕ್ಕೆ ವಾರಕ್ಕೊಮ್ಮೆ ಮೂರು ಮಂಜುಗಡ್ಡೆಯ ತುಂಡು ಇಟ್ಟರೆ ನೀರಿನ ಅಳತೆ ಸರಿಹೋಗುತ್ತದೆ ಎಂದು ಅಮೆರಿಕದ ಮಾರಾಟಗಾರರು ಪ್ರಚಾರ ಮಾಡಿದರು. ಉಷ್ಣವಲಯದ ಗಿಡಕ್ಕೆ ಮಂಜುಗಡ್ಡೆಯೇ ಎಂದು ಸಂಘಗಳ ಹಿರಿಯರು ಕಿಡಿಕಾರಿದರು. ಎರಡೂ ಕಡೆಯವರದು ದೃಢವಾದ ಮಾತೇ. ಕೊನೆಗೆ ಅಲ್ಲಿನ ಎರಡು ವಿಶ್ವವಿದ್ಯಾನಿಲಯಗಳ ಸಂಶೋಧಕರು ತೊಗಟೆಚೂರಿನಲ್ಲಿ ಬೆಳೆದ ಗಿಡಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಂಜುಗಡ್ಡೆ, ಇನ್ನೊಂದಕ್ಕೆ ಅಷ್ಟೇ ಪ್ರಮಾಣದ ನೀರು ಕೊಟ್ಟು ಹೋಲಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹೂವಿನ ಬಾಳಿಕೆಯಲ್ಲಾಗಲಿ ಎಲೆಯ ಆರೋಗ್ಯದಲ್ಲಾಗಲಿ ಮಂಜುಗಡ್ಡೆಯಿಂದ ಹಾನಿಯಾಗಲಿಲ್ಲ. ಹಾಗೆಂದು ನೀರಿಗಿಂತ ಮಂಜುಗಡ್ಡೆ ಮೇಲು ಎಂದೂ ಇದರರ್ಥವಲ್ಲ. ಎಲ್ಲ ಆರ್ಕಿಡ್‌ಗಳಿಗೂ ಇದು ಸಲ್ಲುತ್ತದೆ ಎಂದೂ ಹೇಳಲಾಗದು. ಪ್ರಯೋಗ ಎಷ್ಟನ್ನು ಹೇಳಿತೋ ಅಷ್ಟನ್ನೇ ಒಪ್ಪುವುದು ವೈಜ್ಞಾನಿಕ ಮನೋಭಾವ.

ಇಂಥ ಹೋಲಿಕೆಯನ್ನು ಸಂಘದ ಸದಸ್ಯರೂ ಮಾಡಬಹುದು. ಒಂದೇ ತಳಿಯ, ಒಂದೇ ವಯಸ್ಸಿನ ಹತ್ತು ಗಿಡಗಳಿರಲಿ. ಐದಕ್ಕೆ ಹೊಸ ಗೊಬ್ಬರ, ಐದಕ್ಕೆ ಹಳೆಯದು. ಮಿಕ್ಕ ಎಲ್ಲವೂ ಸಮ. ಯಾವ ಗಿಡ ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಪ್ರತಿ ತಿಂಗಳೂ ಎಲೆ, ಬೇರು, ಹೂಗಳನ್ನು ಎಣಿಸಿ ಬರೆದಿಡಬೇಕು. ಸೋತ ಗಿಡಗಳ ಲೆಕ್ಕವನ್ನೂ ಬಿಡಬಾರದು.

ಗಿಡ ಎಲ್ಲಿಂದ ಬಂತು?

ಸಂಘದ ಮೇಜಿನ ಮೇಲಿನ ಅತಿ ಮುಖ್ಯ ವಸ್ತು ಹೂವಲ್ಲ, ಹೆಸರಿನ ಚೀಟಿ. ಪ್ರಭೇದ ಯಾವುದು, ತಂದೆತಾಯಿ ಗಿಡಗಳು ಯಾವುವು, ಎಲ್ಲಿಂದ ಬಂತು ಎಂಬುದು ಅದರಲ್ಲಿರಬೇಕು. ಮಿಶ್ರತಳಿಗಳ ವಂಶಾವಳಿಯ ಪಟ್ಟಿಯನ್ನು ಸ್ಯಾಂಡರ್ ಎಂಬ ನರ್ಸರಿ ಮನೆತನ 1906ರಲ್ಲಿ ಆರಂಭಿಸಿತು. 1961ರಿಂದ ಈ ನೋಂದಣಿಯನ್ನು ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ನೋಡಿಕೊಳ್ಳುತ್ತಿದೆ. ಚೀಟಿ ಕಳೆದುಹೋದರೆ ಮತ್ತೊಮ್ಮೆ ಅದೇ ತಳಿ ಪಡೆಯಲಾಗದು, ಕಾಡಿನಿಂದ ಕದ್ದದ್ದೋ ಬೆಳೆಸಿದ್ದೋ ತಿಳಿಯಲಾಗದು.

ಈ ಎರಡನೆಯ ಪ್ರಶ್ನೆ ಎಷ್ಟು ಗಂಭೀರವೆಂಬುದನ್ನು ಪೆರು ದೇಶದ ಪ್ರಕರಣ ತೋರಿಸಿತು. 2002ರಲ್ಲಿ ಅಲ್ಲಿನ ರಸ್ತೆ ಬದಿಯಲ್ಲಿ ಅಮೆರಿಕದ ಸಂಗ್ರಾಹಕನೊಬ್ಬ ಅಂಗೈಯಗಲದ ನೇರಳೆ ಹೂವಿನ ಆರ್ಕಿಡ್ ಕೊಂಡು, ಪರವಾನಗಿಯಿಲ್ಲದೆ ಫ್ಲಾರಿಡಾಕ್ಕೆ ಒಯ್ದ. ಅಲ್ಲಿನ ಸಸ್ಯೋದ್ಯಾನವೊಂದರ ತಜ್ಞರು ಅದನ್ನು ಹೊಸ ಪ್ರಭೇದವೆಂದು ಗುರುತಿಸಿ ತರಾತುರಿಯಲ್ಲಿ ಹೆಸರಿಟ್ಟರು: ಫ್ರಾಗ್ಮಿಪೀಡಿಯಮ್ ಕೊವಾಚಿ. ಬಳಿಕ ಸಂಗ್ರಾಹಕನಿಗೂ ಉದ್ಯಾನಕ್ಕೂ ನ್ಯಾಯಾಲಯದಲ್ಲಿ ದಂಡ ಬಿತ್ತು. ಅಷ್ಟರಲ್ಲಿ ಗೊತ್ತಾದ ನೆಲೆಗಳಿಂದ ಗಿಡಗಳನ್ನು ಕಿತ್ತು ಸಾಗಿಸಲಾಗಿತ್ತು. ಇದಕ್ಕೆ ಪರಿಹಾರ ಬಂದದ್ದು ಸೀಸೆಯಿಂದ. ಪೆರು ಸರ್ಕಾರದ ಅನುಮತಿ ಪಡೆದು ಸಂಗ್ರಹಿಸಿದ ಕೆಲವೇ ಗಿಡಗಳ ಬೀಜದಿಂದ ಅಲ್ಲಿನ ಬೆಳೆಗಾರರು ಸಸಿ ಮಾಡಿದರು. ಇಂದು ಅದರ ಸಸಿಗಳು ಕಾನೂನುಬದ್ಧವಾಗಿ ಸಿಗುತ್ತವೆ. ಹೊಸ ಪ್ರಭೇದದ ಚಿತ್ರ ತೋರಿಸುವ ಜವಾಬ್ದಾರಿಯುತ ಉಪನ್ಯಾಸಕರು ಅದು ಬೆಳೆಯುವ ನಿಖರ ಜಾಗವನ್ನು ಹೇಳದಿರುವುದು ಈ ಕಾರಣಕ್ಕೇ.

1975ರಲ್ಲಿ ಜಾರಿಗೆ ಬಂದ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದಡಿ ಇಡೀ ಆರ್ಕಿಡ್ ಕುಟುಂಬದ ವ್ಯಾಪಾರ ನಿಯಂತ್ರಿತ. ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳಲ್ಲಿ ಹತ್ತರಲ್ಲಿ ಏಳಕ್ಕೂ ಹೆಚ್ಚು ಆರ್ಕಿಡ್‌ಗಳೇ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆ ನೀಲಿ ವಂದಾ, ಕೆಂಪು ವಂದಾ ಮತ್ತು ಲೇಡಿಸ್ ಸ್ಲಿಪ್ಪರ್ ಆರ್ಕಿಡ್‌ಗಳನ್ನು ಹೆಸರಿಸಿ ರಕ್ಷಿಸಿದೆ. 2022ರಲ್ಲಿ ತಿದ್ದುಪಡಿಯಾಗಿ 2023ರಲ್ಲಿ ಜಾರಿಗೆ ಬಂದ ಕಾಯಿದೆಯಲ್ಲಿ ಸೈಟಿಸ್ ಪಟ್ಟಿಯ ಜೀವಿಗಳಿಗೇ ಪ್ರತ್ಯೇಕ ಅನುಸೂಚಿ ಇದೆ. ಇವುಗಳಾಚೆಗೂ, ಕಾಯ್ದಿಟ್ಟ ಅರಣ್ಯದಿಂದ ಅನುಮತಿಯಿಲ್ಲದೆ ಯಾವ ಗಿಡವನ್ನು ತಂದರೂ ಅಪರಾಧವೇ.

ನಮ್ಮಲ್ಲಿ ಏನು ಮಾಡಬಹುದು?

ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ಹೊರತಂದ ಪುಸ್ತಕದ ಪ್ರಕಾರ ನಮ್ಮ ದೇಶದಲ್ಲಿ 1256 ಬಗೆಯ ಆರ್ಕಿಡ್‌ಗಳಿವೆ. ಇವುಗಳಲ್ಲಿ 388 ಭಾರತದ ಹೊರಗೆ ಎಲ್ಲೂ ಇಲ್ಲ. ಪಶ್ಚಿಮಘಟ್ಟ ಇವುಗಳ ಮುಖ್ಯ ನೆಲೆಗಳಲ್ಲೊಂದು. ಇವು ಕಾಡಿನಲ್ಲಿ ಮಾತ್ರವಲ್ಲ, ಕಾಫಿ ತೋಟದ ನೆರಳಿನ ಮರಗಳ ಮೇಲೆ, ಹಳೆಯ ರಸ್ತೆಬದಿಯ ಸಾಲುಮರಗಳ ಮೇಲೆ, ದೇವರಕಾಡುಗಳಲ್ಲಿ ಬದುಕಿವೆ. ರಸ್ತೆ ಅಗಲವಾಗುವಾಗ ಉರುಳುವ ಒಂದು ಹಳೆಯ ಮಾವಿನ ಮರದೊಡನೆ ಹತ್ತಾರು ವರ್ಷಗಳ ಆರ್ಕಿಡ್ ಸಮುದಾಯವೂ ಅದರ ತೊಗಟೆಯ ಶಿಲೀಂಧ್ರವೂ ಉರುಳುತ್ತವೆ. ಹೊಸ ಸಸಿ ನೆಟ್ಟರೆ ಅದು ತಕ್ಷಣ ಮರಳಿ ಬರುವುದಿಲ್ಲ.

ಆದ್ದರಿಂದ ನಮ್ಮ ಊರುಗಳಲ್ಲಿ ಆರ್ಕಿಡ್ ಬಳಗವೊಂದನ್ನು ಕಟ್ಟುವುದಾದರೆ ದುಬಾರಿ ಗಿಡಗಳ ಅಗತ್ಯವಿಲ್ಲ. ಶಾಲೆಯ ಕೋಣೆ ಸಾಕು. ಹತ್ತಿರದ ಕಾಲೇಜಿನ ಸಸ್ಯವಿಜ್ಞಾನ ಅಧ್ಯಾಪಕರು, ಅಂಗಾಂಶ ಕೃಷಿ ಪ್ರಯೋಗಾಲಯದವರು, ವೆನಿಲ್ಲ ಬೆಳೆದ ಕೃಷಿಕರು, ಅರಣ್ಯ ಇಲಾಖೆಯವರು, ಇವರೆಲ್ಲ ಒಳ್ಳೆಯ ಅತಿಥಿಗಳೇ. ಅತಿಥಿಗೆ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ: ಈ ಗಿಡ ಕಾಡಿನಲ್ಲಿ ಎಂಥ ಜಾಗದಲ್ಲಿ ಬೆಳೆಯುತ್ತದೆ? ನೀವು ಹೇಳಿದ ವಿಧಾನವನ್ನು ಎಷ್ಟು ಗಿಡಗಳ ಮೇಲೆ ನೋಡಿದಿರಿ? ಎಷ್ಟು ಸತ್ತವು? ಈ ಗಿಡ ಎಲ್ಲಿಂದ ಬಂತು? ಈ ನಾಲ್ಕಕ್ಕೂ ನೇರ ಉತ್ತರ ಕೊಟ್ಟ ಅತಿಥಿಯಿಂದ ಕಲಿಯುವುದು ಬಹಳವಿರುತ್ತದೆ.

ಹೂವಿನ ಕಾಲದಲ್ಲಿ ನಿಮ್ಮ ಊರಿನ ಮರಗಳನ್ನೊಮ್ಮೆ ಕತ್ತೆತ್ತಿ ನೋಡಿ. ಯಾವ ಮರದ ಮೇಲೆ ಎಷ್ಟು ಗಿಡ, ಮೊದಲ ಹೂ ಯಾವ ದಿನ ಅರಳಿತು, ಎಷ್ಟು ಕಾಯಿ ಕಟ್ಟಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಗಿಡವನ್ನು ಇದ್ದಲ್ಲೇ ಬಿಡಿ. ಮಳೆಗಾಳಿಗೆ ಮುರಿದುಬಿದ್ದ ಕೊಂಬೆಯ ಮೇಲಿನ ಗಿಡ ನಿಮ್ಮ ತೋಟದಲ್ಲಿ ಸಿಕ್ಕಿದರೆ, ಅದನ್ನು ಮತ್ತೊಂದು ಮರದ ಒರಟು ತೊಗಟೆಗೆ ಹತ್ತಿಯ ದಾರದಿಂದ ಕಟ್ಟಿ. ದಾರ ಲಡ್ಡಾಗುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಐದು ವರ್ಷ ಬಿಡದೆ ಬರೆದ ಇಂಥ ಪುಸ್ತಕವಿದ್ದವರು ಯಾವುದೇ ಆರ್ಕಿಡ್ ಸಂಘದಲ್ಲಿ ಅತಿಥಿ ಉಪನ್ಯಾಸಕರಾಗಿ ಮಾತಾಡಬಹುದು.